ಹೆಪ್ಪುಗಟ್ಟದ ರಕ್ತ

ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ಲಕ್ಷ್ಮೀಪುರಂನ ನಮ್ಮ ಮನೆಯ ಕಿಟಕಿಯೇ ನನಗೆ ಆಟದ ಮೈದಾನ. ಬೀದಿಯ ಹುಡುಗರು ಲಗೋರಿ ಆಡುತ್ತಿದ್ದರೆ ನಾನು ಸರಳು ಹಿಡಿದು ನೋಡುತ್ತಾ ನಿಲ್ಲಬೇಕಿತ್ತು. ಅಂಗೈಗೆಲ್ಲ ತುಕ್ಕಿನ ವಾಸನೆ. ಎಲ್ಲಾದರೂ ಚೂರು ತಾಗಿದರೆ ಸಾಕು, ಮಂಡಿ ಊದಿ ಕೆಂಡದ ಹಾಗೆ ಸುಡುತ್ತಿತ್ತು. ಉಳುಕಿರಬೇಕೆಂದು ಮನೆಯವರು ಎಳ್ಳೆಣ್ಣೆ ಹಚ್ಚಿ ನೀವಿದರು, ಊತ ಇನ್ನೂ ಹೆಚ್ಚಾಯಿತು. ಕೊನೆಗೆ ಅಪ್ಪ ಬಾಗಿಲಿಗೆ ನನಗೆ ಎಟುಕದ ಮೇಲಿನ ಚಿಲಕ ಹಾಕಿಬಿಟ್ಟರು. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಒಂದು ಬೆಳಿಗ್ಗೆ ನನ್ನ ಹಾಲುಹಲ್ಲು ಬಿತ್ತು. ಬಾಯಿ ತುಂಬ ಉಪ್ಪುಪ್ಪು ರಕ್ತ. ಅಕ್ಕ ಅರಿಶಿನ ತಂದಳು, ಅಮ್ಮ ಹತ್ತಿ ಒತ್ತಿದಳು. ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಅಪ್ಪ ಟಾಂಗಾ ಕರೆತಂದರು. ಅಮ್ಮನ ಮಡಿಲಲ್ಲಿ ಮಲಗಿ ಆಸ್ಪತ್ರೆಗೆ ಹೋದೆ. ಮನೆಯಿಂದ ಹೊರಗೆ ಬಂದೆನಲ್ಲ ಎಂಬ ಖುಷಿ ಬೇರೆ.

ಡಾಕ್ಟರು ನನ್ನ ತೋಳಿನಿಂದ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿದರು. ಆಗಾಗ ಅದನ್ನು ಓರೆ ಮಾಡಿ ನೋಡಿದರು. ಅಷ್ಟು ಹೊತ್ತಿಗೆ ಹೆಪ್ಪುಗಟ್ಟಬೇಕಿದ್ದ ರಕ್ತ ಹರಿಯುತ್ತಲೇ ಇತ್ತು.

‘ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಹೀಗೆ ಆಗಿತ್ತಾ?’ ಎಂದು ಕೇಳಿದರು.

‘ಇಲ್ಲ ಸಾರ್. ನಮ್ಮಪ್ಪ, ತಾತ, ಅಣ್ಣತಮ್ಮಂದಿರು, ಎಲ್ರೂ ಗಟ್ಟಿಮುಟ್ಟು’ ಎಂದರು ಅಪ್ಪ. ಹಿಂದೆ ನೋಡಿದ ಡಾಕ್ಟರಿಗೂ ಹೀಗೇ ಹೇಳಿದ್ದರು. ಅದು ಸುಳ್ಳೇನಲ್ಲ. ಆದರೆ ಆಗ ಮನೆತನ ಎಂದರೆ ಗಂಡನ ಕಡೆಯವರು ಮಾತ್ರ. ಹೆಂಡತಿಯ ತವರಿನವರು ಅದರೊಳಗೆ ಬರುತ್ತಿರಲಿಲ್ಲ.

ಡಾಕ್ಟರು ಅಮ್ಮನ ಕಡೆ ತಿರುಗಿದರು. ‘ನಿಮ್ಮ ತವರಲ್ಲಿ ಹೇಗಮ್ಮ?’

ಅಮ್ಮ ಸೆರಗು ಹಿಂಡುತ್ತಾ ಅಪ್ಪನ ಮುಖ ನೋಡಿದಳು. ‘ನಂಗೊಬ್ಬ ತಮ್ಮ ಇದ್ದ ಸಾರ್. ನನ್ ಮದ್ವೆಗೆ ಮುಂಚೆ ಕುಡುಗೋಲು ತಾಗಿ ಕಾಲು ಕುಯ್ಕೊಂಡ. ಏನ್ ಮಾಡಿದ್ರೂ ರಕ್ತ ನಿಲ್ನಿಲ್ಲ, ಹೋಗ್ಬುಟ್ಟ.’

ಅಪ್ಪ ಬೆಚ್ಚಿದರು. ‘ಇಷ್ಟು ದಿನ ಯಾಕೆ ಹೇಳ್ನಿಲ್ಲ?’

‘ಯಾರೂ ಕೇಳ್ನಿಲ್ವಲ್ಲ’ ಎಂದಳು ಅಮ್ಮ.

‘ತಾಯಿ ಕಡೆಯಿಂದ ಗಂಡುಮಕ್ಕಳಿಗೆ ಬರೋ ಕಾಯಿಲೆ. ಹಿಮೋಫಿಲಿಯಾ ಅಂತ. ಯಾರ ತಪ್ಪೂ ಅಲ್ಲ ಕಣ್ರೀ. ಮಂಡಿ ಊದೋದೂ ಒಳಗೆ ರಕ್ತ ಸೋರೋದ್ರಿಂದಲೇ, ಇನ್ಮೇಲೆ ಅದನ್ನ ನೀವಬೇಡಿ’ ಎಂದರು ಡಾಕ್ಟರು. ಬೇರೆಯವರ ರಕ್ತ ಕೊಟ್ಟ ಮೇಲೆ ಬಾಯಿಯ ರಕ್ತ ನಿಂತಿತು.

ಕಾಯಿಲೆಯ ಹೆಸರು ಗೊತ್ತಾಯಿತಲ್ಲ, ಇನ್ನು ನನ್ನನ್ನು ಆಡಲು ಬಿಡುತ್ತಾರೆ ಅಂದುಕೊಂಡೆ. ಆದರೆ ಆಗ ಅದಕ್ಕೆ ಸರಿಯಾದ ಔಷಧಿಯೇ ಇರಲಿಲ್ಲ. ಮನೆಗೆ ಬಂದೊಡನೆ ಅಪ್ಪ ಮತ್ತೆ ಚಿಲಕ ಹಾಕಿದರು. ನಾನು ಗೋಡೆಯ ಕಡೆ ತಿರುಗಿ ಅತ್ತೆ.

ಪುಟ್ಟಾ, ನೀನು ಹುಟ್ಟುವ ಮೊದಲೇ ಡಾಕ್ಟರು ನಿಮ್ಮಮ್ಮನನ್ನು, ಅಂದರೆ ನನ್ನ ಮಗಳನ್ನು, ನನ್ನ ಬಗ್ಗೆ ಕೇಳಿದ್ದರು. ಹುಟ್ಟಿದ ಕೂಡಲೇ ನಿನ್ನ ರಕ್ತ ಪರೀಕ್ಷೆಯಾಯಿತು. ಈಗ ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ಹಾಕಿಸಿಕೊಂಡು, ಮಂಡಿಗೆ ಪ್ಯಾಡ್ ಕಟ್ಟಿಕೊಂಡು ದೂರದ ಹಿನಕಲ್‌ವರೆಗೂ ಸೈಕಲ್ ಹೊಡೆಯುತ್ತೀಯ, ಊಟದ ಹೊತ್ತಿಗೂ ಬರುವುದಿಲ್ಲ. ಬೈಯುತ್ತೇನೆ ನಿಜ, ಒಳಗೊಳಗೆ ನನಗೆ ಸಂತೋಷವೇ. ಪುಟ್ಟೀ, ನಿನಗೆ ಏನೂ ಆಗಿಲ್ಲ, ನಮ್ಮಮ್ಮನಿಗೂ ಏನೂ ಆಗಿರಲಿಲ್ಲ, ಆದರೂ ಅವಳಿಂದಲೇ ಇದು ನನಗೆ ಬಂತು. ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಅವರು ಕೇಳಲಿ ಎಂದು ಕಾಯಬೇಡ. ನಮ್ಮ ತಾತನಿಗಿತ್ತು, ಅಣ್ಣನಿಗಿದೆ ಎಂದು ನೀನೇ ಹೇಳಿಬಿಡು.