ಬೀಗವಿಲ್ಲದ ಬಾಗಿಲಿಗೆ ಕುಂಕುಮ

ನಮ್ಮ ಕಡೆ ಮದುವೆಗೆ ಕರೆಯಲು ಹೋದಾಗ ಮನೆಗೆ ಬೀಗ ಹಾಕಿದ್ದರೆ ಬಾಗಿಲಿಗೇ ಕುಂಕುಮ ಹಚ್ಚಿ, ಚಿಲಕಕ್ಕೆ ಪತ್ರಿಕೆ ಸಿಕ್ಕಿಸಿ ಬರುತ್ತೇವೆ. ಅದು ಕರೆದಂತೆಯೇ. ಹೋದ ವರ್ಷ ಮಗಳ ಮದುವೆಗೆ ನಾನು ಬೀಗವೇ ಇಲ್ಲದ ಬಾಗಿಲಿಗೂ ಕುಂಕುಮ ಹಚ್ಚಿ ಬಂದೆ.

ಆ ಮನೆ ಇರುವುದು ಬಿಳಿಚೋಡಿನಲ್ಲಿ. ನನ್ನ ಗಂಡನಿಗೆ ಅಲ್ಲಿನ ಶಾಲೆಗೆ ವರ್ಗವಾಗಿದ್ದಾಗ ಮಗಳು ಹುಟ್ಟಿದಳು. ಜ್ವರ ಬಂದು ನನ್ನ ಎದೆಹಾಲು ಬತ್ತಿಹೋಯಿತು. ಪಕ್ಕದ ಮನೆಯ ಕುರಿ ಸಾಕುವ ಹೆಂಗಸು ತನ್ನ ಮಗುವಿನ ಜೊತೆ ನನ್ನ ಮಗುವಿಗೂ ಎರಡು ತಿಂಗಳು ಹಾಲು ಕುಡಿಸಿದಳು. "ಅಳಬ್ಯಾಡ್ರಿ, ಇಬ್ಬರಿಗೂ ಆಗೋವಷ್ಟು ಐತೆ" ಎನ್ನುತ್ತಿದ್ದಳು. ಆಮೇಲೆ ನಾವು ಚನ್ನಗಿರಿಗೆ ಬಂದೆವು, ಮನೆ ಕಟ್ಟಿದೆವು, ನಾಲ್ಕು ಜನರ ಕಣ್ಣಿಗೆ ಬಿದ್ದೆವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುತ್ತಾರಲ್ಲ, ಆ ಗಾದೆ ನನ್ನಂಥವಳನ್ನು ನೋಡಿಯೇ ಹುಟ್ಟಿರಬೇಕು.

ಹೊನ್ನಾಳಿ, ನ್ಯಾಮತಿಯ ದೊಡ್ಡ ಮನೆಗಳಲ್ಲಿ ಗಂಟೆಗಟ್ಟಲೆ ಕೂತು, ಕಾಫಿ ಕುಡಿದು, ಎರಡೆರಡು ಸಲ ಹೇಳಿ ಕರೆದಿದ್ದೆ. ಬಿಳಿಚೋಡಿಗೆ ಹೋದ ದಿನ ಮಾತ್ರ ಜಗಳೂರಿನಲ್ಲಿ ಗಂಡಿನ ಕಡೆಯವರು ಊಟಕ್ಕೆ ಕಾಯುತ್ತಿದ್ದರು. ಜೊತೆಗೆ ಬಂದಿದ್ದ ನಾದಿನಿ ಕಾರಿನಿಂದ ಇಳಿಯಲೂ ಇಲ್ಲ. ಕುರಿ ಸಾಕುವ ಆ ಹೆಂಗಸಿನ ಮನೆ ಬಾಗಿಲು ಸುಮ್ಮನೆ ಮುಂದಕ್ಕೆ ಎಳೆದಿತ್ತು. ಒಳಗೆ ಹೋದರೆ ಟೀ, ಹಳೆಯ ಮಾತು, ಅಳು, ಬೇಗ ಬಿಡುವುದಿಲ್ಲ ಎನಿಸಿತು. ಒಂದೇ ಸಲ, ಅದೂ ಕೇಳಿಸದಿದ್ದರೆ ಸಾಕು ಎನ್ನುವಷ್ಟು ಮೆಲ್ಲಗೆ, "ಇದ್ದೀರೇನ್ರೀ?" ಎಂದೆ. ಉತ್ತರ ಬರಲಿಲ್ಲ. ಕುಂಕುಮ ಹಚ್ಚಿ, ಪತ್ರಿಕೆ ಸಿಕ್ಕಿಸಿ ಓಡಿದೆ. ಹೇಳಲು ನಾಚಿಕೆಯಾಗುತ್ತದೆ, ಆಗ ನನಗೆ ಸಮಾಧಾನವೇ ಆಗಿತ್ತು.

ಹಾಲು ಕೊಟ್ಟ ಆ ತಾಯಿ ಮದುವೆಗೆ ಬರಲಿಲ್ಲ. ಮಗಳು ಕೇಳಿದಾಗ, "ಬೀಗ ಹಾಕಿತ್ತು ಕಣೇ, ಪತ್ರಿಕೆ ಇಟ್ಟು ಬಂದೆ" ಎಂದುಬಿಟ್ಟೆ. ಅವಳು ಬಿಡಬೇಕಲ್ಲ! ಹದಿನೈದು ದಿನಕ್ಕೆ ನನ್ನನ್ನೂ ಎಳೆದುಕೊಂಡು ಬಿಳಿಚೋಡಿಗೆ ಹೊರಟಳು.

ಆ ತಾಯಿ ನನ್ನ ಮಗಳ ಕೆನ್ನೆ ಸವರಿ ಲಟಿಕೆ ಮುರಿದಳು. ನಮಗೆ ಚಾಪೆ ಹಾಸಿ, ಟೀ ಕೊಟ್ಟಳು. ಸುಮ್ಮನಿರಲಾರದೆ ನಾನೇ, "ಮದುವೆಗೆ ಯಾಕೆ ಬರಲಿಲ್ರೀ?" ಎಂದೆ.

"ಅವತ್ತು ನಾ ಇಲ್ಲೇ ಒಳಗೆ ಕೂತಿದ್ದೆ ಕಣ್ರೀ. ನಿಮ್ಮ ದನಿ ಕೇಳಿಸ್ತು" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. "ಅಷ್ಟು ಮೆಲ್ಲಗೆ ಕರೆದ್ರಿ. ನಾ ಎದ್ದು ಬಂದ್ರೆ ನಿಮಗೆ ಹೋಗಾಕೆ ಕಷ್ಟ ಆಗ್ತೈತೆ ಅಂತ ಸುಮ್ನೆ ಕೂತ್ಕಂಡೆ."

ಮಗಳು ಟೀ ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಅವಳ ಮುಖ ನೋಡಲಾಗದೆ ನಾನು ಬಾಗಿಲ ಕಡೆ ನೋಡಿದೆ. ನಾನು ಹಚ್ಚಿದ ಕುಂಕುಮವನ್ನು ಆ ತಾಯಿ ಇನ್ನೂ ಒರೆಸಿರಲಿಲ್ಲ.