ಯಂಕಮ್ಮನ ತೋಟದ ಪಾಲು

ಬಸಿರು ನಾಲ್ಕನೆಯ ತಿಂಗಳಿಗೆ ಬಿದ್ದರೂ ಗುರುದೇವಿಯ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಅನ್ನ ಕಂಡರೆ ವಾಕರಿಕೆ, ಒಗ್ಗರಣೆಯ ವಾಸನೆಗೆ ತಲೆಸುತ್ತು. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಹೇಳುತ್ತಿದ್ದ ಟ್ಯೂಷನ್ನನ್ನೂ ಬಿಟ್ಟಿದ್ದಳು. ಮಿಯಾಪುರದ ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಒರಗಿ ಕೂತರೆ, ಬೆಳಗಿನ ಮಂಜಿನೊಳಗೆ ಮೆಟ್ರೋ ರೈಲು ನೀರಹಾವಿನ ಹಾಗೆ ಸದ್ದಿಲ್ಲದೆ ಸರಿಯುತ್ತಿತ್ತು. ಹಾಗೇ ಜೋಂಪು ಹತ್ತುತ್ತಿತ್ತು. ಜೋಂಪಿನಲ್ಲಿ ನಾಲಿಗೆಗೆ ಯಾವುದೋ ರುಚಿ ಬರುವುದು. ಎಚ್ಚರವಾದರೆ ಅದು ಏನೆಂದೇ ನೆನಪಾಗದು.

"ನೀ ತಿನ್ನಲಿಲ್ಲಂದ್ರ ಒಳಗಿಂದು ಏನ್ ತಿಂತೈತಿ?" ಎಂದು ಗಂಡ ಪರಮೇಶ ಗೋಗರೆಯುತ್ತಿದ್ದ. ತೂಕ ಇಳಿಯುತ್ತಲೇ ಹೋದರೆ ಆಸ್ಪತ್ರೆಗೆ ಸೇರಿಸಬೇಕೆಂದು ಡಾಕ್ಟರಮ್ಮ ಹೇಳಿಯಾಗಿತ್ತು.

ಶಂಕರಪಲ್ಲಿ ಕಡೆಯ ಯಂಕಮ್ಮನ ತೋಟದ ವಿಷಯ ತಿಳಿಸಿದವಳು ಪಕ್ಕದ ಮನೆಯ ವತ್ಸಲಾ. ಹಂಗಾಮಿಗೆ ಮೊದಲೇ ದುಡ್ಡು ಕಟ್ಟಿ ಸೇರಿಕೊಂಡರೆ ತೋಟದಲ್ಲಿ ಆ ವಾರ ಬೆಳೆದದ್ದರಲ್ಲಿ ಒಂದು ಪಾಲು ಪ್ರತಿ ಶನಿವಾರ ಮನೆಗೆ ಬರುತ್ತದಂತೆ. ತಾಜಾ ಕಾಯಿಪಲ್ಲೆಯಾದರೂ ಒಗ್ಗೀತು ಎಂದು ಗುರುದೇವಿ ಫೋನು ಹಚ್ಚಿ, ತನಗೂ ಒಂದು ಪಾಲು ಬೇಕೆಂದು, ಬರುವಷ್ಟು ತೆಲುಗಿನಲ್ಲಿ, "ನಾಕು ಒಕ ಪಾಲು ಕಾವಾಲಿ," ಎಂದಳು.

"ಸರೇ ಅಮ್ಮಾ," ಎಂದಳು ಯಂಕಮ್ಮ.

ಶನಿವಾರ ವ್ಯಾನು ಗೇಟಿಗೆ ಬಂತು. ಎಲ್ಲರಿಗೂ ಬುಟ್ಟಿ, ಗುರುದೇವಿಗೆ ಮಾತ್ರ ಎಮ್ಮೆ ಹಾಲಿನ ಕ್ಯಾನು. ವಾಸನೆ ಬಡಿದದ್ದೇ ತಡ, ಸೆರಗನ್ನು ಬಾಯಿಗೊತ್ತಿ ಗೋಡೆ ಹಿಡಿದಳು.

"ಪಾಲೇ ಅಡಿಗಾವು ಕದಮ್ಮಾ!" ಕೇಳಿದ್ದು ಅದನ್ನೇ ಅಲ್ಲವೇ ಎಂದು ಯಂಕಮ್ಮ ಗಾಬರಿಯಾದಳು. ಅವಳ ತೆಲುಗಿನಲ್ಲಿ ಪಾಲು ಅಂದರೆ ಮೊದಲು ಹಾಲು, ಆಮೇಲೆ ಹಿಸ್ಸೆ.

"ಹಾಲ್ ಬೇಡಿ ತರಿಸ್ಕೊಂಡು ಮಾರಿ ತಿರುವಿದ್ರ ಹೆಂಗವಾ?" ವತ್ಸಲಾ ಬಿದ್ದು ಬಿದ್ದು ನಕ್ಕಳು.

ತಪ್ಪು ತಿಳಿದಾಗ ಯಂಕಮ್ಮ ಪೇಚಾಡಿದಳು. ಈ ಹಂಗಾಮಿನ ಪಾಲುಗಳೆಲ್ಲ ಅಷ್ಟರಲ್ಲಿ ಭರ್ತಿಯಾಗಿದ್ದವು. ಕಣ್ಣೀರು ಕಾಣಬಾರದೆಂದು ಮುಖ ಬಗ್ಗಿಸಿದ ಗುರುದೇವಿಗೆ, ಟೊಮೆಟೊ ಜಜ್ಜಿಹೋಗದಿರಲೆಂದು ವ್ಯಾನಿನೊಳಗೆ ಹಾಸಿದ್ದ ಹಸಿರು ಕಂಡಿತು. ಗರಗಸದ ಅಂಚಿನ ಎಲೆಗಳು.

"ಅಯ್ಯ, ಹಕ್ಕರಕಿ!"

ಅದು ಕಳೆ, ಎಮ್ಮೆಗೆ ಹಾಕೋದು ಎಂದು ಯಂಕಮ್ಮ ತೆಲುಗಿನಲ್ಲಿ ಹೇಳುತ್ತಲೇ ಇದ್ದಳು. ಹೊಲದ ಈ ಸೊಪ್ಪನ್ನು ಹಸಿಯಾಗಿಯೇ ತಿಂದು ಬೆಳೆದ ಸೇಡಂ ಕಡೆಯ ಹೆಣ್ಣಿನ ಕಿವಿಗೆ ಅದು ಬೀಳಲಿಲ್ಲ. ಬಾಟಲಿಯ ನೀರಿನಲ್ಲಿ ಎರಡು ಎಲೆ ತೊಳೆದು ಬಾಯಿಗಿಟ್ಟಳು. ಮೊದಲು ಕಹಿ, ಬೆನ್ನಿಗೇ ಎಳೆಯ ಸಿಹಿ, ಜೋಂಪಿನಲ್ಲಿ ಬರುತ್ತಿದ್ದ ಅದೇ ರುಚಿ. ಕಣ್ಣುಗಳು ತಾವಾಗಿ ಮುಚ್ಚಿದವು.

ಮೆಟ್ಟಿಲ ಬಳಿ ನಿಂತಿದ್ದ ಪರಮೇಶ ಓಡಿ ಬಂದ. "ಏ, ವಾಂತಿ ಬರಾಕತ್ತೈತೇನು? ನೀರ್ ತರ್ಲ್ಯಾ?"

ಗುರುದೇವಿ ಕಣ್ಣು ತೆರೆಯದೆ ಕೈ ಅಡ್ಡ ಮಾಡಿದಳು.

"ಸುಮ್ಕಿರ್ರಿ. ತಿನ್ನಾಕತ್ತೀನಿ."