ಬಲಗೈಯ ಬಿಸಿಲು

ಅಣ್ಣನ ಎಡಗೈ ಒಬ್ಬರದ್ದು, ಬಲಗೈ ಇನ್ನೊಬ್ಬರದ್ದು ಅನ್ನಿಸುತ್ತಿತ್ತು. ಕತಾರಿನಲ್ಲಿ ಸ್ಟೀರಿಂಗ್ ಎಡಕ್ಕೆ. ಕಿಟಕಿಗೆ ಮೊಣಕೈ ಊರಿ ವರ್ಷಗಟ್ಟಲೆ ಕಾರು ಓಡಿಸಿದ್ದರಿಂದ ಎಡಗೈ ಸುಟ್ಟ ಗೆಣಸಿನ ಬಣ್ಣಕ್ಕೆ ತಿರುಗಿತ್ತು. ಬಲಗೈ ಮಾತ್ರ ಬೆಳ್ಳಗೆ, ಮದುವೆಗಂಡಿನದ್ದು. ಪ್ರತಿ ಶುಕ್ರವಾರ, ವಾರದ ರಜೆಯ ಬೆಳಿಗ್ಗೆ, ಅವರ ಬಿಳಿ ಕಾರಿನಲ್ಲಿ ನಾವು ನಾಲ್ವರು: ಓಡಿಸುವ ಅವರು, ಪಕ್ಕದಲ್ಲಿ ನಾನು, ಹಿಂದೆ ದೋಹಾ ಅಲ್ ಜದೀದಾದ ನಮ್ಮ ರೂಮಿನ ಇಬ್ಬರು ಗೆಳೆಯರು. ಊರು ದಾಟುವ ಮೊದಲೇ ಆ ಇಬ್ಬರದ್ದೂ ಗೊರಕೆ.

ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಒಂದೇ ಕಂಪನಿಯ ಸ್ಟೋರಿನಲ್ಲಿ ನಮ್ಮದು ಎದುರುಬದುರು ಮೇಜು. ಅವರು ಮಂಗಳೂರು ಕಡೆಯವರು, ನಾನು ಮಂಡ್ಯದವನು. ನನ್ನ ಹೆಂಡತಿ ಬೈಂದೂರಿನವಳು, ಹೆರಿಗೆಗೆ ತವರಿಗೆ ಹೋಗಿದ್ದಳು. "ಬೈಂದೂರಿಗೆ ಒಂದೇ ಸಲ ಹೋಗಿರೋದು ಅಣ್ಣ, ಅದೂ ರಾತ್ರಿ ಬಸ್ಸಲ್ಲಿ. ದಾರೀನೇ ನೋಡಿಲ್ಲ" ಅಂದಾಗ ಅವರು ಹಣೆ ಚಚ್ಚಿಕೊಂಡರು.

"ಆ ರಸ್ತೆಯಲ್ಲಿ ನಿದ್ದೆ ಮಾಡಿದ್ದಾ? ನಿಂಗೆ ಹೆಣ್ಣು ಕೊಟ್ಟದ್ದು ಯಾರು ಮಾರಾಯ?"

ಅಂದಿನಿಂದ ನನಗೆ ಪಾಠ ಶುರು. ದೋಹಾದಿಂದ ಉತ್ತರದ ತುದಿಯ ರುವೈಸ್‌ಗೂ, ಮಂಗಳೂರಿನಿಂದ ಬೈಂದೂರಿಗೂ ಹೆಚ್ಚುಕಡಿಮೆ ಒಂದೇ ದೂರ. ಆದ್ದರಿಂದ ಇಲ್ಲಿನ ಒಂದೊಂದು ಊರೂ ಅವರಿಗೆ ಅಲ್ಲಿನ ಒಂದೊಂದು ಊರು. ಉಮ್ಮ್ ಸಲಾಲ್ ಬಂದರೆ, "ಹಾಂ, ಮುಲ್ಕಿ ಬಂತು. ಗ್ಲಾಸು ಇಳಿಸು, ಹೊಳೆಗಾಳಿ ಬರ್ಲಿ." ನಾನು ಇಳಿಸುತ್ತಿದ್ದೆ, ಬಾಯಿತುಂಬ ಧೂಳು ಬರುತ್ತಿತ್ತು. ಅಲ್ ಖೋರ್ ತಿರುವು ಉಡುಪಿ. "ಇಲ್ಲಿ ತಿಂಡಿ ತಿನ್ನದೆ ಹೋದ್ರೆ ಪಾಪ ಸುತ್ತಿಕೊಳ್ತದೆ" ಎಂದು ಕಾರನ್ನು ಬದಿಗೆ ಹಾಕಿ ಬನ್ಸ್ ಡಬ್ಬಿ ಬಿಚ್ಚುತ್ತಿದ್ದರು. ಬ್ರಹ್ಮಾವರ, ಕುಂದಾಪುರಗಳನ್ನೂ ಮರಳಿನಲ್ಲೇ ದಾಟುತ್ತಿದ್ದೆವು. ರುವೈಸ್ ಹತ್ತಿರವಾದಾಗ ಸ್ಪೀಡು ಇಳಿಯುತ್ತಿತ್ತು. "ಮರವಂತೆ. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ರಸ್ತೆ ಒಂದೇ. ಇಲ್ಲಿ ಮಾತಾಡ್ಲಿಕ್ಕಿಲ್ಲ." ಎರಡೂ ಕಡೆ ಬೂದು ಬಯಲು. ನಾವು ಮಾತಾಡುತ್ತಿರಲಿಲ್ಲ. ಅದು ಮುಗಿದರೆ ಬೈಂದೂರು. ಅಲ್ಲಿ ನನ್ನ ಮಗು ಇರುತ್ತದೆ.

ಮಗಳು ಹುಟ್ಟಿದಳು. ನನ್ನ ರಜೆ ಮಂಜೂರಾಗಿ ಪೆಟ್ಟಿಗೆಯನ್ನೂ ಕಟ್ಟಿಟ್ಟಿದ್ದೆ. ನಮ್ಮ ಸ್ಟೋರಿನ ನಿಯಮವೆಂದರೆ ಒಬ್ಬ ಹೋದರೆ ಇನ್ನೊಬ್ಬ ಕೂರಬೇಕು. ಹೊರಡುವ ವಾರ ಅಣ್ಣ ರೂಮಿಗೆ ಬಂದು ಮಂಚದ ತುದಿಯಲ್ಲಿ ಕೂತರು.

"ಅಮ್ಮನ ಕಣ್ಣಿನ ಆಪರೇಶನ್ ಉಂಟು. ಈ ಸರ್ತಿ ನಂಗೆ ಬಿಟ್ಟುಕೊಡ್ತೀಯಾ? ನಾನು ಬಂದ ಕೂಡ್ಲೇ ನೀನು ಹೋಗು."

ತಾಯಿಯ ಕಣ್ಣಲ್ಲವೇ, ಒಪ್ಪಿ ಪೆಟ್ಟಿಗೆ ಬಿಚ್ಚಿದೆ. ಫೋನಿನಲ್ಲಿ ಹೆಂಡತಿಯೂ ಅಂದಳು, "ಹೋಗ್ಲಿ ಬಿಡಿ. ಮಗು ಎಲ್ಲಿಗೂ ಓಡಿ ಹೋಗುದಿಲ್ಲ."

ರಜೆ ಮುಗಿಸಿ ಬಂದವರು ನನ್ನ ಮೇಜಿನ ಮೇಲೆ ಹಲ್ವದ ಪೊಟ್ಟಣ ಇಟ್ಟು, ತಮ್ಮ ಕುರ್ಚಿಯಲ್ಲಿ ಕೂತು ಅಂಗಿಯ ತೋಳು ಮಡಚಿದರು. ಬಲಗೈಯೂ ಸುಟ್ಟ ಗೆಣಸಾಗಿತ್ತು. ನಮ್ಮ ಊರಿನಲ್ಲಿ ಸ್ಟೀರಿಂಗ್ ಬಲಕ್ಕಲ್ಲವೇ?

"ಆಸ್ಪತ್ರೆ ಒಳಗೂ ಅಷ್ಟು ಬಿಸಿಲಿತ್ತಾ ಅಣ್ಣ?"

ಅವರು ತೋಳು ಇಳಿಸಿಕೊಂಡರು. ಸುಳ್ಳನ್ನು ಮುಂದುವರಿಸಬಹುದಿತ್ತು, ಮುಂದುವರಿಸಲಿಲ್ಲ.

"ಅಮ್ಮನಿಗೆ ಎಂಥದೂ ಇಲ್ಲ. ರಸ್ತೆ ಅಗಲ ಮಾಡ್ತಾರಂತೆ, ಮರ ಎಲ್ಲ ಕಡೀತಾರಂತೆ ಅಂತ ನನ್ನ ತಮ್ಮ ಫೋನಲ್ಲಿ ಹೇಳಿದ. ನಿಂಗೆ ಹೇಳಿ ಹೇಳಿ ನಂಗೇ ತಡೀಲಿಕ್ಕೆ ಆಗ್ಲಿಲ್ಲ ಮಾರಾಯ. ಒಂದು ತಿಂಗಳು ಬರೀ ಆ ರಸ್ತೆಯಲ್ಲೇ ಇದ್ದೆ."

"ಬೈಂದೂರಿಗೂ ಹೋಗಿದ್ರಾ?"

"ಹೋದೆ. ನಿನ್ನ ಮಾವನ ಮನೆ ಗೇಟಿನವರೆಗೂ ಹೋದೆ."

"ಮಗು ನೋಡಿದ್ರಾ?"

"ಇಲ್ಲ. ನಿನಗಿಂತ ಮೊದಲು ಹೇಗೆ ನೋಡುದು? ಕಾರು ತಿರುಗಿಸಿದೆ."

ಮರ್ಯಾದೆಯ ಕೆಲಸವೊಂದನ್ನು ಮಾಡಿದವರಂತೆ ಹೇಳಿದರು. ಅದಕ್ಕೇ ನನಗೆ ಹೆಚ್ಚು ಸಿಟ್ಟು ಬಂತು. ಅವರ ತಾಯಿಗೋಸ್ಕರ ನಾನು ಶನಿವಾರ ಶನಿವಾರ ದೇವರಿಗೆ ದೀಪ ಹಚ್ಚಿದ್ದೆ.

ಅದೇ ವಾರ ಹೊಸ ಸೈಟು ಶುರುವಾಯಿತು. ಮ್ಯಾನೇಜರು ನನ್ನ ಮುಖವನ್ನೂ ನೋಡದೆ, "ಛುಟ್ಟಿ ಮಾಫಿ. ಅಗ್ಲೇ ಸಾಲ್. ಖಲಾಸ್" ಅಂದರು. ರಜೆ ಇಲ್ಲ, ಇನ್ನು ಮುಂದಿನ ವರ್ಷವೇ, ಮಾತು ಮುಗಿಯಿತು. ಅಣ್ಣ ಕೇಳಿಸಿಕೊಂಡೂ ತಲೆ ಎತ್ತಲಿಲ್ಲ.

ಶುಕ್ರವಾರ ಕೆಳಗೆ ಅಣ್ಣನ ಕಾರಿನ ಹಾರ್ನ್ ಕೇಳುತ್ತಿತ್ತು. ನಾನು ಇಳಿಯಲಿಲ್ಲ. ಗೆಳೆಯರು ಮಾತ್ರ ಹೋಗಿ ಬಂದರು. ಒಂದು ದಿನ ಅವರಲ್ಲೊಬ್ಬ ಶೂ ಬಿಚ್ಚುತ್ತಾ ಅಂದ, "ಈಗ ಮುಲ್ಕಿ ಗಿಲ್ಕಿ ಏನೂ ಇಲ್ಲ ಕಣೋ. ಉಮ್ಮ್ ಸಲಾಲ್ ಬಂದ್ರೆ ಉಮ್ಮ್ ಸಲಾಲ್ ಅಂತಾರೆ ಅಷ್ಟೆ. ನಮಗೆ ನಿದ್ದೆನೂ ಬರಲ್ಲ."

ಮರುವರ್ಷ ನಾನು ಊರಿಗೆ ಹೋದೆ. ಮಂಗಳೂರಿನಲ್ಲಿ ಇಳಿದು ಬೈಂದೂರಿಗೆ ಹೊರಟಾಗ ಬಾಡಿಗೆ ಕಾರಿನವನಿಗೆ ಮುಂದೆ ಬರುವ ಸೇತುವೆ, ತಿರುವುಗಳನ್ನೆಲ್ಲ ನಾನೇ ಹೇಳುತ್ತಿದ್ದೆ. "ನೀವು ಈ ಕಡೆಯವರಾ ಸಾರ್?" ಎಂದು ಅವನು ಕೇಳಿದ. ಮರವಂತೆಯಲ್ಲಿ ಇಬ್ಬರೂ ಸುಮ್ಮನಾದೆವು. ಅಣ್ಣ ಹೇಳಿದ್ದರಲ್ಲಿ ಒಂದಕ್ಷರವೂ ಹೆಚ್ಚಿರಲಿಲ್ಲ. ಬೈಂದೂರಿನಲ್ಲಿ ಮಗಳು ಆಗಲೇ ಅಂಗಳದಲ್ಲಿ ನಡೆದಾಡುತ್ತಿದ್ದಳು. ಕೈ ಚಾಚಿದೆ. ಚೀರಿಕೊಂಡು ಅಜ್ಜಿಯ ಸೆರಗಿನ ಹಿಂದೆ ಅವಿತಳು.

ಅಣ್ಣ ಕೆಲಸ ಬಿಟ್ಟು ಊರಿಗೆ ಹೊರಟ ದಿನ ಕೈ ಕುಲುಕಿದೆವು, ಅಷ್ಟೆ. ಎರಡು ವರ್ಷದ ಮೇಲೆ ಅವರ ತಮ್ಮ ಫೋನ್ ಮಾಡಿ, ಅಣ್ಣ ತೀರಿಹೋದರು ಎಂದರು. ಅಷ್ಟರಲ್ಲಿ ಹೆಂಡತಿ, ಮಗಳು ಕತಾರಿಗೆ ಬಂದಿದ್ದರು. ಆ ಶುಕ್ರವಾರ ಇಬ್ಬರನ್ನೂ ಕೂರಿಸಿಕೊಂಡು ಉತ್ತರಕ್ಕೆ ಕಾರು ಬಿಟ್ಟೆ.

"ಪಪ್ಪಾ, ಇದು ಯಾವ ಪ್ಲೇಸು?" ಉಮ್ಮ್ ಸಲಾಲ್ ಬಂದಾಗ ಹಿಂದಿನಿಂದ ಮಗಳು ಕೇಳಿದಳು.

"ಮುಲ್ಕಿ" ಅಂದೆ.

ಗ್ಲಾಸು ಇಳಿಸಿದೆ. ಧೂಳು ಬಂತು. ಅಣ್ಣನಿಲ್ಲದೆ ಮುಂದಿನ ಉಡುಪಿ, ಮರವಂತೆಗೆ ಹೋಗಲು ಮನಸ್ಸಾಗಲಿಲ್ಲ. ಅಲ್ಲಿಂದಲೇ ಕಾರು ತಿರುಗಿಸಿದೆ.